ಚಿಮ್ಮಡದ ಮಕ್ಕಳಿಗೆ ಮೊದಲ ಪಿಯುಸಿ ಗಣಿತ: ಎಲ್ಲಿಂದ ಹಿಡಿಯಬೇಕು, ಹೇಗೆ ಸಾಗಬೇಕು

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಪಿಯುಸಿ ಸೈನ್ಸಿಗೆ ಸೇರಿದ ಎರಡೇ ತಿಂಗಳಿಗೆ ‘ನನಗ ಗಣಿತ ಬರೂದಿಲ್ರಿ’ ಅನ್ನುವುದು ಚಿಮ್ಮಡದ ಕಡೆ ಹೊಸ ಮಾತಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಬನಹಟ್ಟಿಗೋ ರಬಕವಿಗೋ ಮಹಾಲಿಂಗಪುರಕ್ಕೋ ಜಮಖಂಡಿಗೋ ಬಸ್ಸು ಹತ್ತಿ ಹೋದರೆ ಪುಸ್ತಕ ಇಂಗ್ಲಿಷಿನದು, ಪಾಠದ ವೇಗ ಬೇರೆ. ಮಗುವಿಗೆ ತಲೆ ಇಲ್ಲವೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಅದು ತಪ್ಪು ತೀರ್ಮಾನ. ತಲೆ ಅದೇ ಇದೆ. ಎಂಟು ಮತ್ತು ಒಂಬತ್ತನೇ ತರಗತಿಯಲ್ಲಿ ಅರೆಬರೆ ಉಳಿದ ಬೀಜಗಣಿತ ಈಗ ಎದುರಾಗಿದೆ, ಅಷ್ಟೆ. ಅದನ್ನು ತುಂಬಿಕೊಳ್ಳುವ ದಾರಿ ಇದೆ, ದುಡ್ಡು ಹೆಚ್ಚು ಬೇಕಿಲ್ಲ.

ಮೊದಲ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಈಗ 14 ಅಧ್ಯಾಯಗಳಿವೆ. ಗಣಗಳಿಂದ ಶುರುವಾಗಿ ಫಂಕ್ಷನ್, ತ್ರಿಕೋನಮಿತಿ, ಸಂಕೀರ್ಣ ಸಂಖ್ಯೆ, ಅಸಮತೆ, ದ್ವಿಪದ ಪ್ರಮೇಯ, ಶ್ರೇಢಿ, ಸರಳರೇಖೆ, ಶಂಕುಜಗಳನ್ನು ದಾಟಿ ಲಿಮಿಟ್ ಮತ್ತು ಸಂಭವನೀಯತೆಗೆ ಬರುತ್ತದೆ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಇದರ ಬಹುಪಾಲನ್ನು ‘ಕಾಲೇಜ್ ಆಲ್ಜೀಬ್ರಾ’, ‘ಪ್ರಿಕ್ಯಾಲ್ಕುಲಸ್’ ಎಂದು ಬೇರೆ ಬೇರೆ ಕೋರ್ಸು ಮಾಡಿ ಕಲಿಸುತ್ತಾರೆ. ನಮ್ಮ ಮಕ್ಕಳು ಹದಿನಾರನೇ ವಯಸ್ಸಿಗೆ ಅಷ್ಟನ್ನೂ ಒಂದೇ ವರ್ಷದಲ್ಲಿ, ಭೌತಶಾಸ್ತ್ರ ರಸಾಯನಶಾಸ್ತ್ರದ ಜೊತೆಗೆ ಕಲಿಯಬೇಕು. ಕಷ್ಟ ಅನ್ನಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಂತ 1: ಬುಡ ಎಲ್ಲಿ ಸಡಿಲಾಗಿದೆ ನೋಡಿಕೊಳ್ಳಿ

ಮುಂದಿನ ಲೆಕ್ಕಗಳಲ್ಲಿ ಪುಸ್ತಕದ ಎಕ್ಸ್ ಇರಬೇಕಾದಲ್ಲಿ ‘ಯಾ’ ಎಂದು ಬರೆದಿದ್ದೇನೆ. ಗೊತ್ತಿಲ್ಲದ ಸಂಖ್ಯೆಗೆ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಬಳಸಿದ ಗುರುತು ಅದು. ಪುಸ್ತಕ ಮುಚ್ಚಿಟ್ಟು, ಕ್ಯಾಲ್ಕುಲೇಟರ್ ಮುಟ್ಟದೆ ಈ ಆರನ್ನು ಮಾಡಿ:

2/3 − 5/4 ಎಷ್ಟು?
−3² ಎಷ್ಟು, (−3)² ಎಷ್ಟು?
√(9 + 16) ಎಷ್ಟು?
(ಅ + ಬ)² ಬಿಡಿಸಿ.
ಯಾ² − 7ಯಾ + 12 ಅಪವರ್ತಿಸಿ.
−2ಯಾ < 6 ಆದರೆ ಯಾ ಬಗ್ಗೆ ಏನು ಹೇಳಬಹುದು?

ಉತ್ತರಗಳು ಕ್ರಮವಾಗಿ ಹೀಗಿವೆ: −7/12, −9 ಮತ್ತು 9, 5, ಅ² + 2ಅಬ + ಬ², (ಯಾ − 3)(ಯಾ − 4), ಯಾ > −3. ಮೂರನೆಯದಕ್ಕೆ 7 ಎಂದು ಬರೆದಿದ್ದರೆ, ನಾಲ್ಕನೆಯದರಲ್ಲಿ ನಡುವಿನ 2ಅಬ ಬಿಟ್ಟಿದ್ದರೆ, ಕೊನೆಯದರಲ್ಲಿ ಚಿಹ್ನೆ ತಿರುಗಿಸದಿದ್ದರೆ ಹೆದರಬೇಡಿ. ಪಿಯುಸಿಯಲ್ಲಿ ಕಳೆದುಹೋಗುವ ಅಂಕಗಳಲ್ಲಿ ದೊಡ್ಡ ಪಾಲು ಇಂಥ ತಪ್ಪುಗಳದ್ದೇ, ಹೊಸ ಪಾಠದ್ದಲ್ಲ. ಯಾವುದು ತಪ್ಪಿತೋ ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ಆ ಹಾಳೆ ವರ್ಷಪೂರ್ತಿ ಬೇಕಾಗುತ್ತದೆ.

ಹಂತ 2: ಹಳೆಯ ಕನ್ನಡ ಪುಸ್ತಕಗಳನ್ನು ಮತ್ತೆ ತೆಗೆಯಿರಿ

ಹತ್ತನೇ ತರಗತಿ ಮುಗಿದ ಕೂಡಲೇ ಪುಸ್ತಕ ಯಾರಿಗಾದರೂ ಕೊಟ್ಟುಬಿಡುವ ರೂಢಿ ನಮ್ಮಲ್ಲಿದೆ. ಗಣಿತದ ಪುಸ್ತಕ ಮಾತ್ರ ಕೊಡಬೇಡಿ. ಕೊಟ್ಟಾಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಎಂಟನೆಯ ತರಗತಿಯ ಭಾಗಲಬ್ಧ ಸಂಖ್ಯೆಗಳು ಮತ್ತು ಅಪವರ್ತನ, ಒಂಬತ್ತನೆಯದರ ಬಹುಪದೋಕ್ತಿ, ಹತ್ತನೆಯದರ ವರ್ಗಸಮೀಕರಣ ಮತ್ತು ಸಮಾಂತರ ಶ್ರೇಢಿ, ಇಷ್ಟನ್ನು ಮತ್ತೊಮ್ಮೆ ಮಾಡಿದರೆ ಸಾಕು. ಇಡೀ ಪುಸ್ತಕ ಬೇಡ. ರಜೆಯಲ್ಲಿ ಆದರೆ ಒಳ್ಳೆಯದು. ಇಲ್ಲವಾದರೆ ಕಾಲೇಜು ಶುರುವಾದ ಮೇಲೆ ಬೆಳಿಗ್ಗೆ ಅರ್ಧ ತಾಸು ಎತ್ತಿಡಿ. ಕಬ್ಬಿನ ಹಂಗಾಮು ಶುರುವಾದರೆ ಮನೆಯಲ್ಲಿ ಎಲ್ಲರಿಗೂ ಕೆಲಸ ಬೀಳುತ್ತದೆ, ಅಷ್ಟರೊಳಗೆ ಇದು ಮುಗಿದಿರಲಿ.

ಇಂಗ್ಲಿಷಿಗೆ ಒಂದು ಚಿಕ್ಕ ನೋಟ್‌ಬುಕ್ ಮಾಡಿ. ಎಡಕ್ಕೆ ‘ವರ್ಗಸಮೀಕರಣ’, ಬಲಕ್ಕೆ ‘ಕ್ವಾಡ್ರಾಟಿಕ್ ಈಕ್ವೇಶನ್’. ಎಡಕ್ಕೆ ‘ಶ್ರೇಢಿ’, ಬಲಕ್ಕೆ ‘ಪ್ರೋಗ್ರೆಶನ್’. ಒಂದು ಅಧ್ಯಾಯಕ್ಕೆ ಬೆರಳೆಣಿಕೆಯ ಪದಗಳು ಬರುತ್ತವೆ. ಮನಸ್ಸಿನಲ್ಲಿ ಕನ್ನಡದಲ್ಲೇ ಯೋಚಿಸಿ, ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಅವನ ಊರು ಪೂವಿನಬಾಗೆ. ಅದು ನಮ್ಮ ನೆರೆಯ ರಾಯಬಾಗವೇ ಎನ್ನುವ ವಿದ್ವಾಂಸರಿದ್ದಾರೆ.

ಹಂತ 3: ವರ್ಗಸಮೀಕರಣವನ್ನು ಕೈಗೆ ಹತ್ತಿಸಿಕೊಳ್ಳಿ

ಇಡೀ ವರ್ಷ ಎಲ್ಲಿ ಹೋದರೂ ವರ್ಗಸಮೀಕರಣ ಹಿಂದೆ ಬರುತ್ತದೆ. ಸೂತ್ರ ಬಾಯಿಪಾಠ ಇದ್ದರೂ ಅದು ಎಲ್ಲಿಂದ ಬಂತು ಎಂದು ಒಮ್ಮೆ ಕಂಡುಕೊಂಡರೆ ಮರೆಯುವುದಿಲ್ಲ. ಶ್ರೀಧರಾಚಾರ್ಯರ ವಿಧಾನ ಎಂದು ಹೆಸರಾದದ್ದನ್ನು ನೋಡಿ. 2ಯಾ² − 7ಯಾ + 3 = 0 ಎಂದಿಟ್ಟುಕೊಳ್ಳಿ.

ಮೊದಲು 3ನ್ನು ಆಚೆ ಕಳಿಸಿ: 2ಯಾ² − 7ಯಾ = −3. ಯಾ²ದ ಮುಂದೆ 2 ಇದೆ, ಅದರ ನಾಲ್ಕು ಪಟ್ಟು 8. ಎರಡೂ ಬದಿಯನ್ನು 8ರಿಂದ ಗುಣಿಸಿ: 16ಯಾ² − 56ಯಾ = −24. ಈಗ ಯಾ ಮುಂದಿನ 7ರ ವರ್ಗ 49ನ್ನು ಎರಡೂ ಬದಿಗೆ ಕೂಡಿಸಿ. ಎಡಗಡೆ ತಾನಾಗಿಯೇ (4ಯಾ − 7)² ಆಗುತ್ತದೆ, ಬಲಗಡೆ 25 ಉಳಿಯುತ್ತದೆ. ಹಾಗಾದರೆ 4ಯಾ − 7 ಎಂಬುದು 5 ಅಥವಾ −5. ಯಾ ಬೆಲೆ 3 ಅಥವಾ 1/2. ಎರಡನ್ನೂ ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡಿ.

ಕೊನೆಯವರೆಗೂ ಭಿನ್ನರಾಶಿ ಬಂದೇ ಇಲ್ಲ, ಗಮನಿಸಿ. ಪುಸ್ತಕದಲ್ಲಿರುವಂತೆ ಮೊದಲೇ 2ರಿಂದ ಭಾಗಿಸಿದ್ದರೆ 7/4, 49/16 ಎಂದು ಒದ್ದಾಡಬೇಕಿತ್ತು. ಸಂಖ್ಯೆಗಳ ಬದಲು ಅ, ಬ, ಕ ಇಟ್ಟು ಇದೇ ಕೆಲಸ ಮಾಡಿದರೆ ನೀವು ಬಾಯಿಪಾಠ ಮಾಡಿದ ಸೂತ್ರವೇ ಹೊರಬರುತ್ತದೆ. ಒಂದು ಸಂಜೆ ಕೂತು ಅದನ್ನು ನಿಮ್ಮ ಕೈಯಲ್ಲೇ ಹೊರತೆಗೆಯಿರಿ.

ಬಲಗಡೆ 25ರ ಬದಲು −25 ಬಂದರೆ? ನಿಜಸಂಖ್ಯೆಗಳಲ್ಲಿ ಉತ್ತರವಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಒಂಬತ್ತನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಹದಿನಾರನೇ ಶತಮಾನದ ಇಟಲಿಯಲ್ಲಿ ಬೊಂಬೆಲ್ಲಿ ಅಂಥ ಮೂಲಗಳಿಗೂ ಲೆಕ್ಕದ ನಿಯಮ ಕೊಟ್ಟ. ನಿಮ್ಮ ಸಂಕೀರ್ಣ ಸಂಖ್ಯೆಗಳ ಅಧ್ಯಾಯ ಶುರುವಾಗುವುದು ಇಲ್ಲಿಂದ.

ಹಂತ 4: ಫಂಕ್ಷನ್ ಎಂದರೆ ಮೊದಲು ಪಟ್ಟಿ, ಆಮೇಲೆ ಚಿತ್ರ

ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದಲ್ಲಿ ಹೊಲವಿದೆ. 120 ಮೀಟರ್ ತಂತಿ ಇದೆ. ಕಾಲುವೆ ಕಡೆ ಬೇಲಿ ಬೇಡ, ಉಳಿದ ಮೂರು ಕಡೆ ಹಾಕಿ ಆಯತಾಕಾರದ ಜಾಗ ಸುತ್ತುವರಿಯಬೇಕು. ಕಾಲುವೆಯಿಂದ ಒಳಕ್ಕೆ ಯಾ ಮೀಟರ್ ಹೋದರೆ, ಕಾಲುವೆಗುಂಟ ಉಳಿಯುವುದು 120 − 2ಯಾ. ಕ್ಷೇತ್ರಫಲ ಯಾ(120 − 2ಯಾ).

ಯಾ 10 ಇದ್ದರೆ ಕ್ಷೇತ್ರಫಲ 1000 ಚದರ ಮೀಟರ್. 20ಕ್ಕೆ 1600, 30ಕ್ಕೆ 1800, 40ಕ್ಕೆ ಮತ್ತೆ 1600, 50ಕ್ಕೆ 1000. ಇದನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಸೇರಿಸಿ. ಏರಿ ಇಳಿಯುವ ಬಾಗು ಸಿಗುತ್ತದೆ, ಅದೇ ಪರವಲಯ. ಪುಸ್ತಕದಲ್ಲಿ ‘ಡೊಮೇನ್’ ಎಂದು ಕೇಳಿದಾಗ ಮಕ್ಕಳು ಗಾಬರಿಯಾಗುತ್ತಾರೆ. ಇಲ್ಲಿ ಅದರ ಅರ್ಥ ಇಷ್ಟೇ: ಯಾ 0ಗಿಂತ ಹೆಚ್ಚು, 60ಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ಹೊಲವೇ ಇರುವುದಿಲ್ಲ. ‘ರೇಂಜ್’ ಎಂದರೆ ಕ್ಷೇತ್ರಫಲ ಎಷ್ಟರಿಂದ ಎಷ್ಟರವರೆಗೆ ಬರಬಹುದು ಎಂಬುದು: 0ಗಿಂತ ಹೆಚ್ಚು, 1800ರವರೆಗೆ. ಅತಿ ಹೆಚ್ಚೆಂದರೆ 1800, ಅಂದರೆ ಸುಮಾರು 18 ಗುಂಟೆ. ಮೂರನೇ ಹಂತದ ವರ್ಗಪೂರ್ಣ ಮಾಡುವ ಕೆಲಸವನ್ನು ಇಲ್ಲಿ ಮಾಡಿದರೆ 1800 − 2(ಯಾ − 30)² ಎಂದು ಬರುತ್ತದೆ. ವರ್ಗ ಎಂದೂ ಋಣವಾಗುವುದಿಲ್ಲ, ಆದ್ದರಿಂದ 1800ನ್ನು ಮೀರಲು ಸಾಧ್ಯವಿಲ್ಲ.

ಪ್ರತಿ ಹೊಸ ಫಂಕ್ಷನ್ ಬಂದಾಗಲೂ ಹೀಗೆ ಐದಾರು ಬೆಲೆಗಳ ಪಟ್ಟಿ ಮಾಡಿ, ಕೈಯಲ್ಲೇ ಚಿತ್ರ ಬರೆಯಿರಿ. ಮೊಬೈಲಿನಲ್ಲಿ ಜಿಯೋಜೀಬ್ರಾ ಎಂಬ ಉಚಿತ ಆ್ಯಪ್ ಇದೆ. ಅದನ್ನು ತಾಳೆ ನೋಡಲಿಕ್ಕೆ ಮಾತ್ರ ಬಳಸಿ, ಮೊದಲ ಚಿತ್ರ ನಿಮ್ಮ ಕೈಯದಾಗಿರಲಿ.

ಹಂತ 5: ತ್ರಿಕೋನಮಿತಿಗೆ ನೂಲು, ಡ್ರಾಯಿಂಗ್ ಹಾಳೆ

ಹತ್ತನೇ ತರಗತಿಯಲ್ಲಿ ಸೈನ್, ಕಾಸ್ ಲಂಬಕೋನ ತ್ರಿಭುಜದೊಳಗೇ ಇದ್ದವು. ಪಿಯುಸಿಯಲ್ಲಿ 120 ಡಿಗ್ರಿಯ ಸೈನ್ ಕೇಳುತ್ತಾರೆ, ಅಷ್ಟು ದೊಡ್ಡ ಕೋನ ಆ ತ್ರಿಭುಜದಲ್ಲಿ ಹಿಡಿಯುವುದೇ ಇಲ್ಲ. ಇಲ್ಲೇ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ದೊಡ್ಡ ಹಾಳೆಯ ಮೇಲೆ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಕೇಂದ್ರದಲ್ಲಿ ಅಡ್ಡಗೆರೆ, ನಿಲುಗೆರೆ ಎಳೆಯಿರಿ. ಕೋನಮಾಪಕ ಇಟ್ಟು ಬಲಗಡೆಯಿಂದ 30 ಡಿಗ್ರಿಗೆ ವೃತ್ತದ ಮೇಲೆ ಚುಕ್ಕಿ ಇಡಿ. ಅಡ್ಡಗೆರೆಯಿಂದ ಅದರ ಎತ್ತರ ಅಳೆದರೆ 5 ಸೆಂಟಿಮೀಟರ್. ಹತ್ತರಿಂದ ಭಾಗಿಸಿದರೆ 1/2, ಅದೇ ಸೈನ್ 30. ಹಾಗೆಯೇ 60 ಡಿಗ್ರಿಗೆ ಎತ್ತರ ಸುಮಾರು 8.7. ಈಗ 120 ಡಿಗ್ರಿಗೆ ಚುಕ್ಕಿ ಇಟ್ಟು ಅಳೆಯಿರಿ. ಎತ್ತರ ಮತ್ತೆ 8.7, ಆದರೆ ಚುಕ್ಕಿ ಕೇಂದ್ರದಿಂದ ಎಡಕ್ಕೆ 5 ಸೆಂಟಿಮೀಟರ್ ಸರಿದಿದೆ. ಎತ್ತರ ಸೈನ್ ಕೊಟ್ಟಂತೆ, ಕೇಂದ್ರದಿಂದ ಅಡ್ಡಕ್ಕೆ ಸರಿದ ದೂರ ಕಾಸ್ ಕೊಡುತ್ತದೆ: ಬಲಕ್ಕೆ ಧನ, ಎಡಕ್ಕೆ ಋಣ. ಹಾಗಾಗಿ ಸೈನ್ ಧನ, ಕಾಸ್ ಋಣ. 210 ಡಿಗ್ರಿಗೆ ಚುಕ್ಕಿ ಅಡ್ಡಗೆರೆಯ ಕೆಳಗಿರುತ್ತದೆ, ಅಲ್ಲಿ ಎರಡೂ ಋಣ. ಯಾವ ಪಾದದಲ್ಲಿ ಯಾವುದು ಧನ ಎಂದು ಬಾಯಿಪಾಠ ಮಾಡುವ ಕೆಲಸ ಇಲ್ಲಿಗೆ ಮುಗಿಯಿತು.

ರೇಡಿಯನ್ ತಿಳಿಯಲಿಕ್ಕೆ ನೂಲು ಬೇಕು. ರಬಕವಿ-ಬನಹಟ್ಟಿಯ ಮಗ್ಗಗಳ ಸೀಮೆಯಲ್ಲಿ ನೂಲಿಗೇನು ಬರ? ತ್ರಿಜ್ಯದಷ್ಟೇ ಉದ್ದದ, ಅಂದರೆ 10 ಸೆಂಟಿಮೀಟರಿನ ತುಂಡು ಕತ್ತರಿಸಿ ವೃತ್ತದ ಅಂಚಿಗೆ ಹೊಂದಿಸಿ ಇಡಿ. ಆ ತುಂಡು ಕೇಂದ್ರದಲ್ಲಿ ಮಾಡುವ ಕೋನವೇ ಒಂದು ರೇಡಿಯನ್, ಸುಮಾರು 57 ಡಿಗ್ರಿ. ಅರ್ಧ ವೃತ್ತಕ್ಕೆ ಮೂರು ತುಂಡು ಇಟ್ಟರೂ ಸ್ವಲ್ಪ ಜಾಗ ಉಳಿಯುತ್ತದೆ, ಒಟ್ಟು 3.14 ತುಂಡು ಬೇಕು. ಅದಕ್ಕೇ 180 ಡಿಗ್ರಿ ಎಂದರೆ ಪೈ ರೇಡಿಯನ್.

ಹಂತ 6: ದ್ವಿಪದ ಪ್ರಮೇಯಕ್ಕೆ ಕನ್ನಡ ಛಂದಸ್ಸಿನ ಸಹಾಯ

ಇದು ನನಗೆ ಬಹಳ ಪ್ರಿಯವಾದ ಜಾಗ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಅಕ್ಷರಗಣ ಕಲಿತಿದ್ದೀರಿ: ಮೂರು ಅಕ್ಷರ, ಪ್ರತಿಯೊಂದೂ ಲಘು ಅಥವಾ ಗುರು, ಒಟ್ಟು ಎಂಟು ಗಣ. ಅವನ್ನು ಗುರು ಎಷ್ಟಿವೆ ಎಂಬುದರ ಮೇಲೆ ವಿಂಗಡಿಸಿ. ಗುರುವೇ ಇಲ್ಲದ್ದು ನಗಣ ಒಂದೇ. ಒಂದು ಗುರು ಇರುವುವು ಭ, ಜ, ಸ, ಮೂರು. ಎರಡು ಗುರು ಇರುವುವು ಯ, ರ, ತ, ಮೂರು. ಮೂರೂ ಗುರು ಇರುವುದು ಮಗಣ ಒಂದೇ. ಹೀಗೆ 1, 3, 3, 1.

ಈಗ (ಅ + ಬ)³ ಬಿಡಿಸಿ: ಅ³ + 3ಅ²ಬ + 3ಅಬ² + ಬ³. ಅದೇ 1, 3, 3, 1. ಮೂರು ಕಂಸಗಳಲ್ಲಿ ಪ್ರತಿಯೊಂದರಿಂದ ಅ ಅಥವಾ ಬ ಆರಿಸುವುದೂ, ಮೂರು ಜಾಗಗಳಲ್ಲಿ ಲಘು ಅಥವಾ ಗುರು ಇಡುವುದೂ ಒಂದೇ ಕೆಲಸ. ನಾಲ್ಕಕ್ಷರಕ್ಕೆ ನೀವೇ ಬರೆದು ನೋಡಿ: 1, 4, 6, 4, 1 ಬರುತ್ತದೆ, ಒಟ್ಟು 16. ಪಾಸ್ಕಲ್‌ನ ತ್ರಿಭುಜ ಎಂದು ಪುಸ್ತಕ ತೋರಿಸುವುದು ಇದನ್ನೇ. ಪಿಂಗಳನ ಛಂದಸ್ಸೂತ್ರಕ್ಕೆ ವ್ಯಾಖ್ಯಾನ ಬರೆದ ಹಲಾಯುಧ ಹತ್ತನೇ ಶತಮಾನದಲ್ಲಿ ಇದನ್ನು ಮೇರುಪ್ರಸ್ತಾರ ಎಂದು ವಿವರಿಸಿದ್ದಾನೆ. ಕ್ರಮಯೋಜನೆ ಮತ್ತು ವಿಕಲ್ಪದ ಅಧ್ಯಾಯಕ್ಕೂ ಇದೇ ದಾರಿ: ಮೊದಲು ಚಿಕ್ಕ ಸಂಖ್ಯೆಗೆ ಎಲ್ಲವನ್ನೂ ಬರೆದು ಎಣಿಸಿ, ಆಮೇಲೆ ಸೂತ್ರ.

ಹಂತ 7: ದಿನದ ಕೆಲಸ

ತರಗತಿಯಲ್ಲಿ ಆದದ್ದನ್ನು ಅದೇ ದಿನ ಹಾಳೆ ಮುಚ್ಚಿ ಮತ್ತೆ ಮಾಡಿ. ಬಿಡಿಸಿದ ಉತ್ತರ ಓದಿದರೆ ಎಲ್ಲವೂ ಬಂದಂತೆ ಅನ್ನಿಸುತ್ತದೆ, ಪೆನ್ನು ಹಿಡಿದಾಗಲೇ ಬಂದಿದೆಯೋ ಇಲ್ಲವೋ ಗೊತ್ತಾಗುವುದು. ಮೊದಲು ಎನ್‌ಸಿಇಆರ್‌ಟಿಯ ಉದಾಹರಣೆಗಳು, ಆಮೇಲೆ ಅಭ್ಯಾಸದ ಲೆಕ್ಕಗಳು. ಜೆಇಇಯ ದಪ್ಪ ಪುಸ್ತಕಗಳನ್ನು ಜೂನ್ ತಿಂಗಳಲ್ಲೇ ಕೊಳ್ಳಬೇಡಿ, ಆ ದುಡ್ಡು ಉಳಿಸಿ. ಬಸ್ಸಿನಲ್ಲಿ ಜೊತೆಗಿರುವ ಗೆಳತಿಗೆ ಒಂದು ಲೆಕ್ಕ ಬಾಯಲ್ಲೇ ಹೇಳಿಕೊಡಿ. ಎಲ್ಲಿ ತಡವರಿಸುತ್ತೀರೋ ಅದನ್ನು ಮರುದಿನ ಸರ್ ಅಥವಾ ಮೇಡಂ ಹತ್ತಿರ ಕೇಳಿ. ಸುಮ್ಮನೆ ‘ತಿಳೀಲಿಲ್ರಿ’ ಎನ್ನುವ ಬದಲು ‘ಈ ಸಾಲಿನಿಂದ ಈ ಸಾಲಿಗೆ ಹೆಂಗ ಬಂತ್ರಿ?’ ಎಂದು ಬೆರಳಿಟ್ಟು ಕೇಳಿದರೆ ಉತ್ತರ ಸಿಗುತ್ತದೆ. ಕನ್ನಡದಲ್ಲಿ ವಿವರಣೆ ಬೇಕೆಂದರೆ ದೀಕ್ಷಾ ಆ್ಯಪ್, ಖಾನ್ ಅಕಾಡೆಮಿಯ ಕನ್ನಡ ಪಾಠಗಳು ಇವೆ, ಹೈಸ್ಕೂಲಿನ ಭಾಗಕ್ಕೆ ಬಹಳ ಉಪಯೋಗ.

ಮೊದಲ ವರ್ಷದ ಅಂಕ ಮುಂದೆ ಯಾರೂ ಕೇಳುವುದಿಲ್ಲ ಎಂದು ಹೇಳುವವರ ಮಾತು ಕೇಳಬೇಡಿ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ, ಮೊದಲ ಪಿಯುಸಿಯ ಪಾಠಗಳೂ ಅದರಲ್ಲಿ ಬರುತ್ತವೆ.

ಕಾಲೇಜು ಬಿಟ್ಟು ಮಗ್ಗಕ್ಕೋ ಹೊಲಕ್ಕೋ ಹೋದ ಅಕ್ಕ ಅಣ್ಣಂದಿರಿಗೂ ಬಾಗಿಲು ಮುಚ್ಚಿಲ್ಲ. ಎನ್‌ಐಓಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯ ಹಿರಿಯ ಮಾಧ್ಯಮಿಕ ಹಂತದಲ್ಲಿ ಗಣಿತವಿದೆ, ವಿಷಯ ಸಂಖ್ಯೆ 311. ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದು.

ಹಂತ 8: ಬೇಸಿಗೆ ರಜೆಯಲ್ಲಿ ಲಿಮಿಟ್

ವರ್ಷದ ಕೊನೆಗೆ ಅವಸರದಲ್ಲಿ ಮುಗಿಯುವ ಅಧ್ಯಾಯ ಲಿಮಿಟ್. ಎರಡನೇ ಪಿಯುಸಿಯ ಕಲನಶಾಸ್ತ್ರ ನಿಂತಿರುವುದೇ ಅದರ ಮೇಲೆ. ಪರೀಕ್ಷೆ ಮುಗಿದ ಮೇಲೆ (ಯಾ² − 9)/(ಯಾ − 3) ತೆಗೆದುಕೊಳ್ಳಿ. ಯಾ 3 ಆದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ, ಬೆಲೆ ಸಿಗುವುದಿಲ್ಲ. ಅದರ ಹತ್ತಿರ ಹೋಗಿ ನೋಡಿ: 2.9ಕ್ಕೆ 5.9, 2.99ಕ್ಕೆ 5.99, ಆ ಕಡೆಯಿಂದ 3.01ಕ್ಕೆ 6.01. ಮೇಲಿನದನ್ನು ಅಪವರ್ತಿಸಿದರೆ (ಯಾ − 3)(ಯಾ + 3), ಕೆಳಗಿನದರ ಜೊತೆ ಹೊಡೆದುಹೋಗಿ ಯಾ + 3 ಉಳಿಯುತ್ತದೆ. ಪಟ್ಟಿ ಯಾಕೆ 6ರ ಕಡೆಗೆ ಹೋಯಿತೆಂದು ಈಗ ಗೊತ್ತಾಯಿತು. ಇದೇ ರೀತಿ 9ರ ಬದಲು 16, 25 ಇಟ್ಟು, ಕೆಳಗೆ ಅದಕ್ಕೆ ತಕ್ಕ ಸಂಖ್ಯೆ ಹಾಕಿ ಪಟ್ಟಿ ಮಾಡಿ. ಆಮೇಲೆ ಎರಡನೇ ವರ್ಷದ ಪುಸ್ತಕ ತೆರೆಯಿರಿ.