ಗಿಳಿಗೆ ಉಂಡೆ ಕಟ್ಟುವ ಮುನ್ನ

ಸಾಕಿದ ಗಿಳಿಗೆ ಮನೆಯಲ್ಲೇ ತಿನಿಸು ಮಾಡಿಕೊಡಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಮೊಳಕೆ ಬಂದ ಹೆಸರುಕಾಳು, ಬೇಯಿಸಿದ ನವಣೆ, ತುರಿದ ಕ್ಯಾರೆಟ್‌ಗೆ ಒಂದಿಷ್ಟು ರಾಗಿಹಿಟ್ಟು ಸೇರಿಸಿ ನಾದಿ, ಕಡಲೆಕಾಳಿನಷ್ಟು ಉಂಡೆ ಕಟ್ಟಿ ಸಣ್ಣ ಉರಿಯಲ್ಲಿ ಬಾಡಿಸಿದರೆ ಸಾಕು. ಉಪ್ಪು, ಎಣ್ಣೆ, ಒಗ್ಗರಣೆ ಬೇಡ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಸೇಬಿನ ಬೀಜ ಕೊಡಲೇಬಾರದು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಹೊಗೆಗೇ ಹಕ್ಕಿ ಸಾಯುತ್ತದೆ. ಕಬ್ಬಿಣದ ಬಾಣಲೆ ಬಳಸಿ.

ನನ್ನ ಕಕ್ಷಿದಾರರು ಸಿಕ್ಕಿಬೀಳುವುದು ಈ ಉಂಡೆಯಿಂದಲ್ಲ, ಉಂಡೆ ತಿನ್ನಿಸುವ ವಿಡಿಯೊದಿಂದ. ಹಸಿರು ಮೈ, ಕೆಂಪು ಕೊಕ್ಕು, ಕೊರಳಲ್ಲಿ ಕಪ್ಪು–ಗುಲಾಬಿ ಪಟ್ಟಿ, ಕಾಲಲ್ಲಿ ಹಿಡಿದ ತುತ್ತು. ಮಗಳು ಪ್ರೀತಿಯಿಂದ ಹಾಕಿದ ಆ ವಿಡಿಯೊವನ್ನು ಯಾರೋ ಅರಣ್ಯ ಇಲಾಖೆಗೆ ಕಳಿಸುತ್ತಾರೆ. ಆಮೇಲೆ ಮನೆಯವರೆಲ್ಲ ಕೇಳುವುದು ಒಂದೇ ಮಾತು: "ಸಾರ್, ದುಡ್ಡು ಕೊಟ್ಟು ತಂದಿದ್ದೀವಲ್ಲ?"

ದುಡ್ಡು ಕೊಟ್ಟು ತಂದದ್ದೇ ತಪ್ಪು. ನಮ್ಮ ತೋಟ, ಗದ್ದೆಗಳಲ್ಲಿ ಹಾರಾಡುವ ಈ ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜಾತ್ರೆಯಲ್ಲಿ ಗಿಳಿಶಾಸ್ತ್ರದವರು ರಾಜಾರೋಷವಾಗಿ ಇಟ್ಟುಕೊಂಡಿದ್ದಾರಲ್ಲ ಎಂದು ವಾದಿಸಬೇಡಿ. ಅವರನ್ನು ಯಾರೂ ಹಿಡಿದಿಲ್ಲ ಎಂಬುದು ನಿಮಗೆ ಅನುಮತಿಯಾಗುವುದಿಲ್ಲ. ಇನ್ನೊಂದು ಕಷ್ಟವೆಂದರೆ, ಹಕ್ಕಿ ನಿಮ್ಮ ಮನೆಯಲ್ಲಿ ಸಿಕ್ಕಿದರೆ ಅದು ಅಕ್ರಮವಲ್ಲ ಎಂದು ಸಾಬೀತುಮಾಡುವ ಹೊಣೆ 57ನೇ ಸೆಕ್ಷನ್ ಪ್ರಕಾರ ನಿಮ್ಮದೇ.

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. "ಗಿಳಿಗೆ ಲೈಸೆನ್ಸ್ ಮಾಡಿಸಿಕೊಡ್ತೀನಿ" ಎಂದು ಒಬ್ಬ ದಲ್ಲಾಳಿ ಬರುತ್ತಾನೆ. ಸೀಲು ಒತ್ತಿದ ಒಂದು ಕಾಗದ ಕೊಟ್ಟು ಸಾವಿರಾರು ರೂಪಾಯಿ ಎಣಿಸಿಕೊಳ್ಳುತ್ತಾನೆ. ಸಂತೆಯಲ್ಲೋ ಅಂಗಡಿಯಲ್ಲೋ ಕೊಂಡ ನಾಡಗಿಳಿಗೆ ಲೈಸೆನ್ಸ್ ಕೊಡುವ ಕಚೇರಿ ಈ ದೇಶದಲ್ಲಿ ಎಲ್ಲೂ ಇಲ್ಲ. ಆ ಕಾಗದ ನಿಮ್ಮನ್ನು ಕಾಯುವುದಿಲ್ಲ. ಹಕ್ಕಿ ನಿಮ್ಮ ವಶದಲ್ಲಿ ಎಂದಿನಿಂದ ಇತ್ತು ಎಂಬುದಕ್ಕೆ ನೀವೇ ದಿನಾಂಕ ಸಮೇತ ಒದಗಿಸಿದ ಸಾಕ್ಷಿ ಅದು. ಇಂಥವರು ಕೆಲವು ಕಚೇರಿಗಳ ಗೇಟಿನಲ್ಲೇ ನಿಂತಿರುತ್ತಾರೆ. ಒಳಗಿನವರಿಗೆ ಇದು ಕಾಣುವುದಿಲ್ಲವೆಂದರೆ ನಾನು ನಂಬಲಾರೆ.

ಗಾಳಿಮಳೆಗೆ ಗೂಡಿನಿಂದ ಬಿದ್ದ ಮರಿಯನ್ನು ಮಗು ಎತ್ತಿ ತಂದರೆ? ಅದು ಅಪರಾಧವಲ್ಲ, ಆದರೆ ಗಡಿಯಾರ ನೋಡಿಕೊಳ್ಳಿ. 39ನೇ ಸೆಕ್ಷನ್ ಪ್ರಕಾರ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕರೆಯೊಂದನ್ನೇ ನೆಚ್ಚಬೇಡಿ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಿ. "ಅಯ್ಯೋ, ಇಷ್ಟಕ್ಕೆಲ್ಲ ಅರ್ಜಿ ಯಾಕಮ್ಮ, ಸಾಕಿಕೊಳ್ಳಿ" ಎಂದು ಸಾಗಹಾಕುವ ಸಿಬ್ಬಂದಿ ಇದ್ದಾರೆ. ಆ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅರ್ಜಿ ತೆಗೆದುಕೊಳ್ಳದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ವರ್ಷಗಟ್ಟಲೆ ಸಾಕಿದವರು ಹೆದರಿ ರಾತ್ರೋರಾತ್ರಿ ಗಿಳಿಯನ್ನು ಹಾರಿಬಿಡುವುದೂ ಉಂಟು. ದಯವಿಟ್ಟು ಬೇಡ. ಕೈತುತ್ತು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕುವುದೂ ಹದ್ದಿನಿಂದ ತಪ್ಪಿಸಿಕೊಳ್ಳುವುದೂ ತಿಳಿಯದು. ವಕೀಲರ ಜೊತೆ ಮಾತಾಡಿ, ಲಿಖಿತವಾಗಿ ಇಲಾಖೆಗೆ ಒಪ್ಪಿಸಿ. ಹಾಗೆ ಒಪ್ಪಿಸಿದರೂ ಕೇಸು ಆಗುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ತಾನಾಗಿ ಬಂದವರನ್ನು ನೋಡುವ ರೀತಿಯೇ ಬೇರೆ.

ವಿದೇಶಿ ಗಿಳಿಗಳ ದಾರಿ ಬೇರೆ. ಆಫ್ರಿಕನ್ ಗ್ರೇ, ಮಕಾವ್, ಕಾಕಟೂ ಇಟ್ಟುಕೊಳ್ಳಬಹುದು, ಆದರೆ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ಅಂಗಡಿಯ ಬಿಲ್ಲು ನೋಂದಣಿಯಲ್ಲ. ಕೊಳ್ಳುವ ಮೊದಲೇ ಮಾರುವವನ ಹೆಸರಿನ ನೋಂದಣಿ ಪತ್ರ ಕೇಳಿ. "ಆಮೇಲೆ ಕಳಿಸ್ತೀನಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಬಜರಿಗರ್, ಕಾಕಟೀಲ್‌ಗೆ ಈ ನೋಂದಣಿ ಬೇಕಿಲ್ಲ. ಲವ್ ಬರ್ಡ್ಸ್ ಎಂದು ಕೊಂಡಿದ್ದರೆ ಜಾತಿ ಯಾವುದೆಂದು ಪಶುವೈದ್ಯರಲ್ಲಿ ಖಚಿತಪಡಿಸಿಕೊಳ್ಳಿ. ಗುಲಾಬಿ ಮುಖದ್ದಕ್ಕೆ ವಿನಾಯಿತಿ ಇದೆ, ಫಿಶರ್ಸ್ ಜಾತಿಗೆ ಇಲ್ಲ.

ಅಧಿಕಾರಿಗಳು ಮನೆಗೇ ಬಂದರೆ ಗುರುತಿನ ಚೀಟಿ ಕೇಳಲು ಅಂಜಬೇಡಿ. ಮಹಜರನ್ನು ಪೂರ್ತಿ ಓದಿ ಸಹಿ ಮಾಡಿ. ಖಾಲಿ ಹಾಳೆಗೆ ಎಂದಿಗೂ ಸಹಿ ಬೇಡ. ಹಣ ಕಟ್ಟಿ ಪ್ರಕರಣ ರಾಜಿ ಮಾಡಿಕೊಳ್ಳಲು 54ನೇ ಸೆಕ್ಷನ್‌ನಲ್ಲಿ ಅವಕಾಶವಿದೆ, ಆದರೆ ಅದನ್ನು ತೀರ್ಮಾನಿಸುವುದು ಅಧಿಕಾರವಿರುವ ಮೇಲಧಿಕಾರಿ, ನಿಮ್ಮ ಅಂಗಳದಲ್ಲಿ ನಿಂತವರಲ್ಲ. ಆದೇಶದ ಪ್ರತಿ, ಸರ್ಕಾರಿ ರಸೀದಿ ಎರಡೂ ಕೈಗೆ ಬರದೆ ಒಂದು ರೂಪಾಯಿಯನ್ನೂ ಕೊಡಬೇಡಿ.