ನಿನಗೂ ಒಂದು ಆಫ್ ಸೀಸನ್

ತಮ್ಮಾ, ಉಗಾರದ ಗಂಡಸರಿಗೆ ದವಾಖಾನೆ ದೂರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದರೆ ಶೇಡಬಾಳ ದಾಟಿ ಒಂದು ತಾಸಿನೊಳಗೆ ಮಿರಜ. ಅಲ್ಲಿ ವಾನ್ಲೆಸ್ ಸಾಹೇಬರು ಮಿಶನ್ ದವಾಖಾನೆ ತೆರೆದದ್ದು 1894ರಲ್ಲಿ. ನಮ್ಮೂರ ಸಕ್ಕರೆ ಕಾರಖಾನೆಯ ಕಂಪನಿ ಹುಟ್ಟಿದ್ದೇ 1939ರಲ್ಲಿ. ಅಂದರೆ ಆ ಕಂಪನಿಗಿಂತ 45 ವರ್ಷ ಮೊದಲೇ ನಮಗೆ ಡಾಕ್ಟರು ಸಿಕ್ಕಿದ್ದರು. ಇವತ್ತು ಮಿರಜದ ಗಲ್ಲಿ ಗಲ್ಲಿಯಲ್ಲೂ ಡಾಕ್ಟರರ ಪಾಟಿ. ಈ ಕಡೆ ಬೆಳಗಾವಿಗೆ ಹೋದರೆ ಕೆಎಲ್ಇ ಇದೆ, ಸರಕಾರಿ ಜಿಲ್ಲಾ ಆಸ್ಪತ್ರೆ ಇದೆ. ಟ್ರ್ಯಾಕ್ಟರಿನ ಸಾಮಾನಿಗೆ, ಮದುವೆಯ ಜವಳಿಗೆ ಮಿರಜ, ಸಾಂಗಲಿ ಅಂತ ಓಡಾಡುವವರು ತಮ್ಮ ಮೈ ತೋರಿಸುವ ಮಾತು ಬಂದ ಕೂಡಲೇ "ಅಷ್ಟ ದೂರ ಯಾವಾಂವ ಹೊಕ್ಕಾನ" ಅನ್ನುತ್ತಾರೆ.

ಆ ದವಾಖಾನೆಗಳ ವರಾಂಡ ತುಂಬ ನಮ್ಮ ಕಡೆಯ ಗಂಡಸರೇ ಇರುತ್ತಾರೆ, ಅದನ್ನೂ ಹೇಳಬೇಕು. ಅವ್ವನ ಮೊಣಕಾಲು, ಹೆಂಡತಿಯ ಹೆರಿಗೆ, ಕೂಸಿನ ಜ್ವರ ಅಂತ ಬಂದವರು. ರಾತ್ರಿಯಿಡೀ ಬೆಂಚಿನ ಮೇಲೆ ಕೂತು, ಗುಳಿಗೆ ಚೀಟಿ ಹಿಡಿದು ಮೆಡಿಕಲ್‌ಗೆ ಓಡಿ, ಬಿಲ್ಲು ಕಟ್ಟಿ, ಬೆಳಗಾದರೆ ಹೊರಗಿನ ಚಹಾದ ಗಾಡಿಯ ಮುಂದೆ ಅಡಿಕೆ-ತಂಬಾಕಿನ ಮಾವಾ ತಿಕ್ಕುತ್ತ ನಿಂತಿರುತ್ತಾರೆ. ಹತ್ತು ಹೆಜ್ಜೆ ಆಚೆ ಬಿಪಿ ನೋಡುವ ಸಿಸ್ಟರ್ ಕೂತಿರುತ್ತಾಳೆ. ಬಂದದ್ದು ಬಂದಿದ್ದೇನೆ, ನನ್ನದೂ ನೋಡವ್ವ ಎಂದು ತೋಳು ಮುಂದೆ ಮಾಡುವವನು ಸಿಗುವುದಿಲ್ಲ. ಮನೆಯವರ ಕಾಳಜಿ ಇಲ್ಲದವನಲ್ಲ ಇವನು. ಆ ಲೆಕ್ಕದಲ್ಲಿ ತನ್ನ ಹೆಸರು ಬರೆದುಕೊಂಡಿಲ್ಲ, ಅಷ್ಟೇ.

ಇದಕ್ಕೆ ಒಂದು ಕಾರಣ ಮನೆಯ ಹೊರಗೂ ಇದೆ. ಹೆಣ್ಣುಮಕ್ಕಳಿಗೆ ದವಾಖಾನೆಯ ಬಾಗಿಲು ಹರೆಯದಲ್ಲೇ ತೆರೆಯುತ್ತದೆ. ಬಸುರಿ ಅಂದ ಕೂಡಲೇ ತಾಯಿ ಕಾರ್ಡು, ತೂಕ, ರಕ್ತ, ಬಿಪಿ. ಕೂಸು ಹುಟ್ಟಿದರೆ ಲಸಿಕೆ. ಆಶಾ ಕಾರ್ಯಕರ್ತೆ ಹೆಸರು ಹಿಡಿದು ಕೂಗುತ್ತಾಳೆ. ಇಪ್ಪತ್ತೆರಡರ ಸೊಸೆಗೆ ತೋಳಿಗೆ ಸುತ್ತುವ ಆ ಪಟ್ಟಿ ಹೊಸತಲ್ಲ. ಅವಳ ಗಂಡನಿಗೆ ಶಾಲೆಯಲ್ಲಿ ಚುಚ್ಚಿದ ಸೂಜಿಯಾದ ಮೇಲೆ ಎಷ್ಟೋ ಸಲ ನೇರ ಐಸಿಯುವೇ. ನಡುವಿನ ಮೂವತ್ತು ವರ್ಷ ಅವನನ್ನು ಯಾರೂ ಕರೆದಿಲ್ಲ. ಮೂವತ್ತು ದಾಟಿದ ಎಲ್ಲರ ಬಿಪಿ, ಸಕ್ಕರೆ, ಬಾಯಿ ನೋಡುವ ಸರಕಾರಿ ಕಾರ್ಯಕ್ರಮ ಬಂದು ವರ್ಷಗಳೇ ಆದವು. ಆದರೆ ಆಶಾ ಮನೆಗೆ ಬರುವುದು ಹೊತ್ತೇರಿದ ಮೇಲೆ. ಆಗ ನೀನು ಕಬ್ಬಿನ ಹೊಲದಲ್ಲಿ, ಇಲ್ಲವೆ ಶಿಫ್ಟಿನಲ್ಲಿ. ಅವಳ ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಖಾಲಿ. ಇಲ್ಲಿಯವರೆಗಿನದು ನಿನ್ನ ತಪ್ಪಲ್ಲ, ಬೈಯುವುದಿಲ್ಲ. ಇನ್ನು ಮುಂದಿನದಕ್ಕೆ ಬೈಯುತ್ತೇನೆ.

ಚಿಂಚಲಿ ಮಾಯಕ್ಕನ ಜಾತ್ರಿ ಆಗಲಿ. ಹಂಗಾಮು ಮುಗೀಲಿ. ಕಬ್ಬಿನ ಬಿಲ್ ಬರಲಿ. ಮಳಿ ಬೀಳಲಿ, ಹೊಳಿ ಇಳೀಲಿ. ಇಷ್ಟು ಹೇಳುವುದರೊಳಗೆ ಮುಂದಿನ ಹಂಗಾಮಿನ ಟ್ರ್ಯಾಕ್ಟರುಗಳು ಕಾರಖಾನೆಯ ಮುಂದೆ ಸಾಲುಗಟ್ಟಿರುತ್ತವೆ. ಬಿಲ್ಲು ಬಂದ ದಿನ ಸೊಸೈಟಿ ಸಾಲ, ಗೊಬ್ಬರದ ಬಾಕಿ, ಮಗಳ ಫೀ ಎಲ್ಲ ನೆನಪಾಗುತ್ತವೆ, ಎದೆ ನೆನಪಾಗುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವನ ಮಾತು ಬೇರೆ. ಮುಂಗಡ ಹಣ ತಿಂದು ಬಂದವನು, ಒಂದು ದಿನ ಕುಡುಗೋಲು ಕೆಳಗಿಟ್ಟರೆ ಲೆಕ್ಕ ತಪ್ಪುತ್ತದೆ. ಅವನು "ಒಂದ ಸೂಜಿ ಹಾಕ್ರಿ, ನಾಳೆ ಏಳಬೇಕ" ಎಂದರೆ ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಆದರೆ ಹೊಲ, ಮನೆ, ಬೈಕು ಎಲ್ಲ ಇದ್ದ ನೀನೂ ಸೊಂಟ ಹಿಡಿದಾಗೆಲ್ಲ ಮೆಡಿಕಲ್‌ನಿಂದ ನೋವಿನ ಗುಳಿಗೆ ತಂದು ನುಂಗುತ್ತೀಯಲ್ಲ, ಅದಕ್ಕೆ ಏನು ನೆವ? ಆ ಗುಳಿಗೆಗಳನ್ನು ವರ್ಷಗಟ್ಟಲೆ ತಿಂದರೆ ಬಿಪಿ ಏರಬಹುದು, ಕಿಡ್ನಿ ಸೋಲಬಹುದು. ಸೊಂಟದ ನೋವು ಮಾತ್ರ ಹಾಗೆಯೇ ಉಳಿದಿರುತ್ತದೆ.

ಕಾರಖಾನೆಯ ಬಾಯ್ಲರನ್ನು ನೋಡು. ಹಂಗಾಮಿನಲ್ಲಿ ಹಗಲು ರಾತ್ರಿ ಉಗಿ ಕೊಡುತ್ತದೆ. ನಿಂತ ಮೇಲೆ ಅದನ್ನು ಆರಿಸಿ, ತೆರೆದು, ಟ್ಯೂಬು ತಿಕ್ಕಿ, ನೀರು ತುಂಬಿ ಒತ್ತಡ ಏರಿಸಿ ಎಲ್ಲಿ ಸೋರುತ್ತದೆ ಎಂದು ಹುಡುಕುತ್ತಾರೆ. ಇನ್ಸ್‌ಪೆಕ್ಟರ್ ಬಂದು ಸರ್ಟಿಫಿಕೇಟ್ ಬರೆಯದೆ ಮತ್ತೆ ಬೆಂಕಿ ಹಾಕುವಂತಿಲ್ಲ. 1923ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿದಾಗಿನಿಂದ ಬಂದ ನಿಯಮ ಅದು; ಬಾಯ್ಲರಿನ ಸರ್ಟಿಫಿಕೇಟಿಗೆ ಹೆಚ್ಚೆಂದರೆ ಹನ್ನೆರಡು ತಿಂಗಳ ಆಯುಷ್ಯ. "ಹ್ವಾದ ವರ್ಷ ಚಲೋ ನಡದಿತ್ತಲ್ರಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒತ್ತಡ ತಡೆಯುವ ಲೋಹ ಒಡೆಯುವ ಗಳಿಗೆಯವರೆಗೂ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ ಎಂದು ಕಾಯ್ದೆ ಮಾಡಿದವರಿಗೆ ಗೊತ್ತಿತ್ತು. ಆಫ್ ಸೀಸನ್ನಿನಲ್ಲಿ ಆ ಟ್ಯೂಬು ತಿಕ್ಕುವ ಕೈಗಳು ನಮ್ಮೂರಿನವೇ. ಬಾಯ್ಲರಿನ ಗೇಜು ತಾಸಿಗೊಮ್ಮೆ ನೋಡುವವನು ತನ್ನ ಗೇಜನ್ನು ಹತ್ತು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ.

ನಿನ್ನ ಗೇಜಿನ ಗಡಿ ಅಂಕಿ 140/90. ಬೇರೆ ಬೇರೆ ದಿನ ನೋಡಿದಾಗಲೂ ಅದಕ್ಕೆ ಮುಟ್ಟಿದರೆ, ದಾಟಿದರೆ ಅದು ಬಿಪಿ. ತಲೆ ನೋಯಬೇಕು, ಕಣ್ಣು ಕತ್ತಲೆ ಬರಬೇಕು ಅಂತೇನಿಲ್ಲ. ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ, ಕೆಲವರಿಗೆ ಮೊದಲು ಗೊತ್ತಾಗುವುದೇ ಲಕ್ವಾ ಹೊಡೆದ ದಿನ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿ, ಇನ್ನೊಮ್ಮೆ ನೋಡಿದಾಗಲೂ ಅಷ್ಟೇ ಬಂದರೆ ಅದು ಸಕ್ಕರೆ ಬ್ಯಾನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ನೂರಕ್ಕೆ 24 ಜನರಿಗೆ ಬಿಪಿ ಇತ್ತು, ಇಲ್ಲವೆ ಅದರ ಗುಳಿಗೆ ನಡೆದಿತ್ತು, ಹೆಂಗಸರಲ್ಲಿ 21. ಬ್ಯಾನಿಯಲ್ಲಿ ನಾವೇ ಮುಂದೆ, ತೋರಿಸಿಕೊಳ್ಳುವುದರಲ್ಲಿ ಹಿಂದೆ. ಈ ದೇಶದಲ್ಲಿ ಹುಟ್ಟಿದ ಗಂಡು ಕೂಸಿನ ಸರಾಸರಿ ಆಯುಷ್ಯ 2016-20ರ ಲೆಕ್ಕದಲ್ಲಿ 68.6 ವರ್ಷ, ಹೆಣ್ಣು ಕೂಸಿನದು 71.4. ಎಲ್ಲವನ್ನೂ ದವಾಖಾನೆಯ ಮೇಲೆ ಹಾಕಲಾಗದು. ಸೆರೆ, ತಂಬಾಕು, ರಸ್ತೆಯ ಅಪಘಾತ ಎಲ್ಲ ಸೇರಿವೆ. ಆದರೆ ಅವೂ ನಮ್ಮವೇ ಅಲ್ಲವೇ?

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ದುಡ್ಡು, ಹೊತ್ತು, ದೂರ ಎಲ್ಲ ಮೇಲಿನ ಮಾತು. ಡಾಕ್ಟರು ಏನು ಹೇಳುತ್ತಾರೆಂದು ಗಂಡಸಿಗೆ ಮೊದಲೇ ಗೊತ್ತಿರುತ್ತದೆ. ಅದನ್ನು ಕೇಳುವ ಮನಸ್ಸಿಲ್ಲ. ತಂಬಾಕು ಬಿಡು, ಸೆರೆ ಬಿಡು ಅನ್ನುತ್ತಾರೆ. ಹೋಗದಿದ್ದರೆ ಯಾರೂ ಹೇಳುವುದಿಲ್ಲ, ಹೇಳದಿದ್ದರೆ ಬಿಡುವುದು ಬೇಕಿಲ್ಲ. ಇದನ್ನೇ ನಾವು ಧೈರ್ಯ ಅನ್ನುತ್ತೇವೆ. "ನಮ್ಮಪ್ಪ ಎಂಬತ್ತರತನಕ ತಂಬಾಕ ತಿಂದಾನ" ಅನ್ನುವವನು ನಲವತ್ತೈದಕ್ಕೇ ಹೋದ ಅದೇ ಅಪ್ಪನ ತಮ್ಮನನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಿಪ್ಪಾಣಿಯ ತಂಬಾಕಿನ ಹೊಲಗಳ ನೆರೆಯಲ್ಲಿ ಹುಟ್ಟಿದವರು ನಾವು, ಆ ಎಲೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ಅದನ್ನು ಬೈಯುವಾಗ ನನ್ನ ನಾಲಿಗೆಯೂ ಸ್ವಲ್ಪ ತಡವರಿಸುತ್ತದೆ. ಆದರೂ ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಕನ್ನಡಿಯ ಮುಂದೆ ನಿಂತು ಬಾಯಿ ತೆರೆ. ನಿನ್ನವೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಹಾಕಿ ನೋಡು. ಹೋಗಲಿಲ್ಲ ಅಂದರೆ ಅಡಿಕೆ, ಮಾವಾ ಒಳಗಿನ ಚರ್ಮವನ್ನು ಬಿಗಿಸಿರಬಹುದು. ಗಲ್ಲದ ಒಳಗೆ ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಬೆಂಕಿಯಂಥ ಉರಿ ಇದ್ದರೆ ಜಾತ್ರೆಗೂ ಕಾಯಬೇಡ, ಬಿಲ್ಲಿಗೂ ಕಾಯಬೇಡ. ನೋವಿಲ್ಲ ಎಂದು ಸುಮ್ಮನಿರಬೇಡ, ಶುರುವಿನಲ್ಲಿ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ.

ಇನ್ನೊಂದು ಮಾತಿದೆ, ಇದನ್ನು ನಿನ್ನ ಅಪ್ಪ ಹೇಳಲಾರ, ಕಾಕಾ ಆಗಿ ನಾನು ಹೇಳಬಹುದು. ಮೂಲವ್ಯಾಧಿ, ಉಚ್ಚೆಯ ತೊಂದರೆ, ಗಂಡಸುತನದ ತೊಂದರೆ ಅಂದರೆ ನಮ್ಮವರು ಡಾಕ್ಟರನ್ನು ಬಿಟ್ಟು ರಸ್ತೆಯ ಬದಿಗೆ ಡೇರೆ ಹಾಕಿಕೊಂಡು ಬೇರು ಮಾರುವವನ ಹತ್ತಿರ ಹೋಗುತ್ತಾರೆ, ಅದೂ ಕತ್ತಲಾದ ಮೇಲೆ, ಬೇರೆ ಊರಿನಲ್ಲಿ. ದಿನದ ಕೂಲಿಗೆ ಲೆಕ್ಕ ಹಾಕುವವರು ಅಲ್ಲಿ ಸಾವಿರಗಟ್ಟಲೆ ಎಣಿಸುತ್ತಾರೆ. ಆದರೆ ಮಂಚದ ಮೇಲಿನ ಆ ಸೋಲು ಎಷ್ಟೋ ಸಲ ಸಕ್ಕರೆ ಬ್ಯಾನಿಯ, ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿರುವುದರ ಮೊದಲ ಸುಳಿವು. ಬೇರು ಮಾರುವವನು ಸಕ್ಕರೆ ನೋಡುವುದಿಲ್ಲ. ಡಾಕ್ಟರ ಮುಂದೆ ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡು, ಅವರಿಗೇನೂ ಇದು ಹೊಸತಲ್ಲ.

ಎದೆಯ ವಿಷಯದಲ್ಲಂತೂ ನಮ್ಮ ಗಂಡಸರಿಗೆಲ್ಲ ಒಂದೇ ರೋಗ: ಗ್ಯಾಸು. ಎದೆ ಹಿಡಿದು, ಬೆವರಿಳಿದು, ಎಡಗೈ, ಗದ್ದ ಜಗ್ಗುತ್ತಿದ್ದರೂ "ಸೋಡಾ ಕುಡದ್ರ ಹೋಗ್ತೈತಿ" ಅನ್ನುತ್ತ ಅಂಗಡಿಗೆ ನಡೆದುಕೊಂಡು ಹೋಗುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಅವರು ಮೈ ಅಲಕ್ಷ್ಯ ಮಾಡಿದವರಲ್ಲ, ಅದಕ್ಕೇ ಜನ ಅಷ್ಟು ಅಂಜಿದ್ದು. ಕೆಲವೇ ವಾರಗಳಲ್ಲಿ ಅಂಜಿಕೆ ಇಳಿಯಿತು, ಸಾಲೂ ಕರಗಿತು. ಉಳಿದದ್ದು ಒಂದು ಒಳ್ಳೆಯ ಕೆಲಸ: ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲೂಕು ಮಟ್ಟದ ದವಾಖಾನೆಗಳಲ್ಲೂ ಇಸಿಜಿ ತೆಗೆದು, ಹೃದಯಾಘಾತವೆಂದು ಖಾತ್ರಿಯಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ತುಟ್ಟಿಯ ಸೂಜಿಯನ್ನು ಪುಕ್ಕಟೆ ಹಾಕುತ್ತಾರೆ. ಮೊದಲ ತಾಸಿನಲ್ಲಿ ಹೋದವನಿಗೆ ಅದರಿಂದ ಹೆಚ್ಚಿನ ಉಪಯೋಗ. ಸೋಡಾ ಕುಡಿಯುತ್ತ ಕೂತವನ ಆ ತಾಸು ಅಂಗಡಿಯ ಕಟ್ಟೆಯ ಮೇಲೆಯೇ ಹೋಗಿರುತ್ತದೆ. 108ಕ್ಕೆ ಫೋನು ಮಾಡು. ಗ್ಯಾಸೇ ಇದ್ದರೆ ನಗುತ್ತ ತಿರುಗಿ ಬಾ, ಅವತ್ತು ನಿನ್ನನ್ನು ಚೇಷ್ಟೆ ಮಾಡುವವರಿಗೆ ನಾನೇ ಚಹಾ ಕುಡಿಸುತ್ತೇನೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಸರಕಾರಿ ದವಾಖಾನೆಯಲ್ಲಿ ಬಿಪಿ, ಸಕ್ಕರೆ ನೋಡುವುದು ಪುಕ್ಕಟೆ, ಗುಳಿಗೆಯೂ ಪುಕ್ಕಟೆ. ದೊಡ್ಡ ಆಪರೇಷನ್ನಿಗೆ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಕಾರ್ಡಿದೆ. ಸಹಕಾರಿ ಸೊಸೈಟಿಯ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿದೆ. ನೋಂದಣಿಯ ತಾರೀಖು ದಾಟಿದ ಮೇಲೆ ಸೆಕ್ರೆಟರಿಯ ಜೊತೆ ಜಗಳಾಡಬೇಡ.

ಬರುವ ಮಂಗಳವಾರ ನಿನ್ನ ಅವ್ವನ, ಅಂದರೆ ನನ್ನ ವೈನಿಯ, ಕಣ್ಣು ತೋರಿಸಲು ಮಿರಜಕ್ಕೆ ಕರೆದುಕೊಂಡು ಹೋಗುವವನು ನೀನೇ ಎಂದು ಕೇಳಿದೆ. ಸೋಮವಾರ ರಾತ್ರಿ ಒಂಬತ್ತರೊಳಗೆ ಉಂಡುಬಿಡು. ಬೆಳಿಗ್ಗೆ ನೀರು ಕುಡಿ, ಸ್ಟೇಷನ್ನಿನಲ್ಲಿ ಮಾತ್ರ ಚಹಾ ಕುಡಿಯಬೇಡ, ಮಾವಾನೂ ಬೇಡ. ಖಾಲಿ ಹೊಟ್ಟೆಯಲ್ಲಿ ನಿನ್ನ ರಕ್ತ ಕೊಡುವುದಿದೆ. ಚೀಟಿ ಮಾಡಿಸುವಾಗ ಎರಡು ಹೆಸರು ಬರೆಸು. ವೈನಿಗೆ ಈಗಾಗಲೇ ಹೇಳಿಟ್ಟಿದ್ದೇನೆ, ತಪ್ಪಿಸಿಕೊಳ್ಳಲು ಬಿಡುವ ಹೆಣ್ಣುಮಗಳಲ್ಲ ಅವಳು.