ಮಂಪರಿನಲ್ಲಿರುವ ಹಸುವಿನ ಮೇಲೆ ನಿಗಾ ಇಡಿ



ಹೊರಮಾವಿನ ಸುತ್ತಮುತ್ತ ಹೊಲಗಳು ಲೇಔಟ್‌ಗಳಾದ ಮೇಲೆ ಬೀದಿಗೆ ಬಿಟ್ಟ ರಾಸು ಕಸದ ರಾಶಿಗೆ ಬಾಯಿ ಹಾಕುತ್ತದೆ. ಪ್ಲಾಸ್ಟಿಕ್ ಚೀಲ, ಮೊಳೆ ನುಂಗಿದ ಹಸುವಿನ ಹೊಟ್ಟೆಯನ್ನು ಶಸ್ತ್ರಚಿಕಿತ್ಸೆಯಿಂದ ತೆರೆಯಬೇಕಾಗುವುದೂ ಉಂಟು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಇಂಥ ರಾಸುಗಳನ್ನು ಒಯ್ಯಬಹುದು. ಸಾಮಾನ್ಯವಾಗಿ ಹಸುವನ್ನು ನಿಲ್ಲಿಸಿಕೊಂಡೇ, ಎಡ ಪಕ್ಕೆಗೆ ಮಾತ್ರ ಲಿಗ್ನೋಕೇನ್ ಕೊಟ್ಟು ಮರಗಟ್ಟಿಸುತ್ತಾರೆ. ಒದೆಯುವ ರಾಸಿಗೆ ಝೈಲಝಿನ್ ಎಂಬ ಮಂಪರಿನ ಚುಚ್ಚುಮದ್ದೂ ಬೇಕಾಗಬಹುದು. ದನಕ್ಕೆ ಇದು ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಸಾಕು. ಆದ್ದರಿಂದ ತಿಳಿಯದವರ ಕೈಗೆ ಸೂಜಿ ಕೊಡಬೇಡಿ.

ಹಸು ಗಬ್ಬವಾಗಿದ್ದರೆ ಮೊದಲೇ ಹೇಳಿ, ಈ ಔಷಧ ಗರ್ಭಕೋಶವನ್ನು ಹಿಂಡುತ್ತದೆ. ದೊಡ್ಡ ರಾಸಿಗೆ ಸಾಮಾನ್ಯವಾಗಿ 24 ಗಂಟೆ ಮೇವು, ಸುಮಾರು 12 ಗಂಟೆ ನೀರು ನಿಲ್ಲಿಸಲು ಹೇಳುತ್ತಾರೆ. ಕನಿಕರಪಟ್ಟು ಕದ್ದು ಹುಲ್ಲು ಹಾಕಿದ್ದರೆ ಒಪ್ಪಿಕೊಳ್ಳಿ. ನಾಚಿಕೆಗಿಂತ ಹಸು ದೊಡ್ಡದು.

ಅಪಾಯ ಏನು? ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ. ಮಂಪರಿನಲ್ಲಿ ಅದನ್ನು ನುಂಗಲಾರದು, ತೇಗಲೂ ಆರದು. ಮಲಗಿದರೆ ಗಾಳಿ ಒಳಗೇ ಕಟ್ಟಿ ಹೊಟ್ಟೆ ಉಬ್ಬುತ್ತದೆ, ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತುತ್ತದೆ. ಹೊಟ್ಟೆಯ ಮೇವು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ, ಕೆಲವೊಮ್ಮೆ ಅಲ್ಲೇ ಉಸಿರು ಕಟ್ಟುತ್ತದೆ.

ವೈದ್ಯರ ಕೈ ಗಾಯದಲ್ಲಿರುವಾಗ ತಲೆಯ ಬಳಿ ಇರುವವರು ನೀವು. ಚುಚ್ಚುಮದ್ದಿಗೆ ಮುಂಚೆ ಉಸಿರು ಎಣಿಸಿಡಿ, ಆಮೇಲೆ ಹೋಲಿಸಿ. ಎಡಗುಳಿ ತುಂಬಿ ಮೇಲೇಳುತ್ತಿದೆಯೇ? ಮೂಗಿನಲ್ಲಿ ಹಸಿರು ನೀರು ಬಂತೇ? ಒಸಡು ನೀಲಿಗಟ್ಟಿತೇ, ಬಿಳಿಚಿತೇ? ಮೈ ಅದುರಿ ಸೆಳೆತ ಬಂತೇ? ತಕ್ಷಣ ಕೂಗಿ ಹೇಳಿ. ಲಿಗ್ನೋಕೇನ್ ಹೆಚ್ಚಾದರೂ ಸೆಳೆತ ಬರುತ್ತದೆ.

ಹಸು ಒರಗಿದರೆ ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹುಲ್ಲಿನ ಹೊರೆ ಆನಿಸಿ. ಕೂರದಿದ್ದರೆ ಬಲಮಗ್ಗುಲಿಗೆ ಮಲಗಿಸಿ. ಕುತ್ತಿಗೆಯ ಕೆಳಗೆ ಹುಲ್ಲಿಟ್ಟು ಮೂತಿ ಮಾತ್ರ ತಗ್ಗಿರಲಿ, ಜೊಲ್ಲು ಹೊರಗೆ ಹರಿಯಲಿ. ನಾಲಿಗೆಯನ್ನು ಮುಂದಕ್ಕೆ ಎಳೆದಿಡಿ. ಹೊಟ್ಟೆ ಉಬ್ಬಿತೆಂದು ಗೊಟ್ಟದಲ್ಲಿ ಎಣ್ಣೆ ಸುರಿಯಬೇಡಿ. ನುಂಗಲಾರದ ಹಸುವಿಗೆ ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಗಾಳಿ ತೆಗೆಯಲು ವೈದ್ಯರು ಬಾಯಿಂದ ಕೊಳವೆ ಇಳಿಸುತ್ತಾರೆ, ತುರ್ತಾದರೆ ಎಡಗುಳಿಗೆ ಟ್ರೋಕಾರ್ ಚುಚ್ಚುತ್ತಾರೆ. ಮಂಪರು ಇಳಿಸುವ ಮದ್ದೂ ಇದೆ.

ಹಸು ಎದ್ದು ನಿಂತು, ಚೆನ್ನಾಗಿ ನುಂಗುವವರೆಗೆ ನೀರೂ ಬೇಡ. ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ವೈದ್ಯರನ್ನು ಕೇಳಿ, ಗುರುತು ಹಾಕಿಕೊಳ್ಳಿ.